ಲೈಪೋಸೋಮಿನ ಪಾಲಿಮರ್ ಕೋಟು, ರಕ್ತದ ಪ್ರೋಟೀನು: ಎರಡು ತದ್ವಿರುದ್ಧ ಸುದ್ದಿಗಳ ನಡುವೆ ನಿಜ ಎಂಥದು?

ಗೊಂದಲ ಶುರುವಾದದ್ದು ಎಲ್ಲಿಂದ

ಕೆಲವು ಸಮಯದಿಂದ ಮೊಬೈಲಲ್ಲಿ ಎರಡು ತರದ ಸುದ್ದಿ ಒಟ್ಟೊಟ್ಟಿಗೆ ಓಡ್ತಾ ಉಂಟು. ಒಂದರಲ್ಲಿ, ಕ್ಯಾನ್ಸರಿನ ಮದ್ದನ್ನು ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ತುಂಬಿಸಿ ಮೇಲಿಂದ ಪಾಲಿಮರ್ (ಒಂದೇ ತರದ ಕೊಂಡಿಗಳು ಸೇರಿ ಆದ ಸರಪಳಿಯಂಥ ವಸ್ತು) ಕೋಟಿಂಗ್ ಕೊಟ್ರೆ ಅದು ರಕ್ತದಲ್ಲಿ ಯಾರಿಗೂ ಸಿಕ್ಕದೆ ಸೀದಾ ಗಡ್ಡೆಗೇ ಹೋಗಿ ಮುಟ್ತದೆ ಅಂತ. ಇನ್ನೊಂದರಲ್ಲಿ, ಅದೇ ಪಾಲಿಮರಿನ ವಿರುದ್ಧ ಹೆಚ್ಚಿನವರ ರಕ್ತದಲ್ಲಿ ಈಗಾಗಲೇ ಆಂಟಿಬಾಡಿ ಉಂಟು, ಮದ್ದು ಹಾಕಿದ್ರೂ ಪ್ರಯೋಜನ ಇಲ್ಲ, ಮೇಲಿಂದ ಅಲರ್ಜಿ ಬೇರೆ ಅಂತ. ಎರಡನ್ನೂ ಓದಿದವನಿಗೆ ಯಾವುದನ್ನು ನಂಬುವುದು ಅಂತಲೇ ಗೊತ್ತಾಗುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಕೀಮೋಗೆ ಅಂತ ಮಂಗಳೂರಿಗೋ ತಲಶ್ಶೇರಿಗೋ ಹೋಗಿ ಬರುವ ಮನೆಯವರಿಗೆ ಇದು ಬರೀ ಓದಿ ಬಿಡುವ ಸುದ್ದಿ ಅಲ್ಲ, ಮುಂದಿನ ಡೋಸ್ ತಗೊಳ್ಳಬೇಕಾ ಬೇಡವಾ ಅನ್ನುವ ಪ್ರಶ್ನೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇಂಥ ಭಯಕ್ಕೆ ಒಂದು ಹಿನ್ನೆಲೆಯೂ ಉಂಟು. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಟ್ಟದ್ದು, ಅದರ ಪರಿಣಾಮವನ್ನು ಮನೆಮನೆಗಳು ಅನುಭವಿಸಿದ್ದು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು ಯಾರಿಗೂ ಮರೆತು ಹೋಗಿಲ್ಲ. ಹಾಗಾಗಿ "ಈ ಕೆಮಿಕಲ್ ಏನೂ ಮಾಡುವುದಿಲ್ಲ" ಅಂತ ಯಾರಾದ್ರೂ ಹೇಳಿದ ಕೂಡಲೇ ಇಲ್ಲಿಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದ್ರೆ ಆ ಸಂಶಯಕ್ಕೆ ಉತ್ತರ ಸಿಗಬೇಕಾದ್ರೆ ರಕ್ತದೊಳಗೆ ಆ ಗುಳ್ಳೆಗೆ ನಿಜವಾಗಿ ಎಂಥ ಆಗ್ತದೆ ಅಂತ ಒಂದೊಂದೇ ಹೆಜ್ಜೆ ನೋಡ್ಬೇಕು. ನೋಡಿದ್ರೆ ಗೊತ್ತಾಗುವುದು ಇಷ್ಟು: ಕೋಟಿಂಗ್ ಕೊಟ್ಟ ಮಾತ್ರಕ್ಕೆ ಗುಳ್ಳೆ ರಕ್ತದಿಂದ ತಪ್ಪಿಸಿಕೊಳ್ಳುವುದಿಲ್ಲ, ರಕ್ತ ಅದರ ಮೇಲೆ ತನ್ನದೇ ಪ್ರೋಟೀನಿನ ಇನ್ನೊಂದು ಪದರ ಹೊದಿಸಿಯೇ ಬಿಡ್ತದೆ, ಆ ಪದರದಲ್ಲಿ ಯಾವ ಪ್ರೋಟೀನು ಕೂತಿದೆ ಅನ್ನುವುದರ ಮೇಲೆ ಮದ್ದಿನ ಹಣೆಬರಹ ನಿಂತಿದೆ.

ಗುಳ್ಳೆ ಯಾಕೆ ಬೇಕಾಯ್ತು

ಲೈಪೋಸೋಮ್ ಅಂದ್ರೆ ಫಾಸ್ಫೋಲಿಪಿಡ್ ಅನ್ನುವ ಕೊಬ್ಬಿನ ಅಣುಗಳು ನೀರಲ್ಲಿ ತಾವೇ ಸುತ್ತಿಕೊಂಡು ಆಗುವ ಗುಳ್ಳೆ. ಒಳಗೆ ನೀರು, ಹೊರಗೆ ನೀರು, ಮಧ್ಯೆ ಕೊಬ್ಬಿನ ಎರಡು ಪದರದ ಗೋಡೆ. ನಮ್ಮ ಜೀವಕೋಶದ ಹೊರಗೋಡೆಯೂ ಇದೇ ಮಾದರಿ. ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಅನ್ನುವ ವಿಜ್ಞಾನಿ 1960ರ ದಶಕದ ಶುರುವಿನಲ್ಲಿ ಇದನ್ನು ಗುರುತಿಸಿದ್ದು, ಆಮೇಲೆ ಸ್ವಲ್ಪ ಸಮಯದಲ್ಲೇ "ಇದರೊಳಗೆ ಮದ್ದು ತುಂಬಿಸಿದ್ರೆ ಹೇಗೆ?" ಅಂತ ಬೇರೆಯವರು ಯೋಚನೆ ಮಾಡ್ಲಿಕ್ಕೆ ಶುರು ಮಾಡಿದ್ರು.

ಆ ಯೋಚನೆಗೆ ಕಾರಣ ಉಂಟು. ಡಾಕ್ಸೋರುಬಿಸಿನ್ ಅನ್ನುವ ಕೀಮೋ ಮದ್ದನ್ನೇ ತಗೊಳ್ಳಿ, ಸ್ತನ ಕ್ಯಾನ್ಸರು, ಅಂಡಾಶಯದ ಕ್ಯಾನ್ಸರು, ರಕ್ತದ ಕೆಲವು ಕ್ಯಾನ್ಸರುಗಳಿಗೆ ಅದು ಹಳೇ ಅಸ್ತ್ರ. ಆದ್ರೆ ಹಾಗೆಯೇ ನರಕ್ಕೆ ಕೊಟ್ರೆ ಅದು ಗಡ್ಡೆ ಯಾವುದು ಹೃದಯ ಯಾವುದು ಅಂತ ನೋಡುವುದಿಲ್ಲ, ಹೃದಯದ ಸ್ನಾಯುವಿಗೆ ಪೆಟ್ಟು ಕೊಡ್ತದೆ, ಆ ಪೆಟ್ಟು ಡೋಸಿನಿಂದ ಡೋಸಿಗೆ ಸೇರ್ತಾ ಹೋಗ್ತದೆ. ಹಾಗಾಗಿ ಒಬ್ಬ ರೋಗಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದು ಅಂತ ಮಿತಿ. ಮದ್ದು ಗುಳ್ಳೆಯೊಳಗೆ ಇದ್ರೆ ಹೃದಯದ ಗಟ್ಟಿ ರಕ್ತನಾಳದ ಗೋಡೆ ದಾಟಿ ಹೊರಗೆ ಹೋಗ್ಲಿಕ್ಕೆ ಆಗುವುದಿಲ್ಲ. ಗಡ್ಡೆಯ ರಕ್ತನಾಳ ಗಡಿಬಿಡಿಯಲ್ಲಿ ಬೆಳೆದದ್ದು, ಅದರಲ್ಲಿ ಸಂದು ಜಾಸ್ತಿ, ಅಲ್ಲಿ ಗುಳ್ಳೆ ಹೊರಗೆ ಸೋರಿ ಕೂತ್ಕೊಳ್ತದೆ ಅನ್ನುವುದು ಲೆಕ್ಕಾಚಾರ. 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಇದನ್ನು ತೋರಿಸಿಕೊಟ್ರು.

ಆದ್ರೆ ಶುರುವಿನ ಗುಳ್ಳೆಗಳು ಅಲ್ಲಿಯವರೆಗೆ ಹೋಗ್ಲೇ ಇಲ್ಲ. ನರಕ್ಕೆ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ರಕ್ತದಿಂದ ಮಾಯ. ಹೋದದ್ದು ಎಲ್ಲಿಗೆ ಅಂದ್ರೆ ಲಿವರಿಗೆ ಮತ್ತೆ ಗುಲ್ಮಕ್ಕೆ. ಅಲ್ಲಿ ಮ್ಯಾಕ್ರೋಫೇಜ್ ಅನ್ನುವ ನುಂಗುವ ಕೋಶಗಳು ಉಂಟು, ರಕ್ತದಲ್ಲಿ ಬರುವ ಬ್ಯಾಕ್ಟೀರಿಯಾ, ಹಳೇ ಕೋಶ, ಕಸ ಎಲ್ಲವನ್ನೂ ಹಿಡಿದು ತಿನ್ನುವುದೇ ಅವುಗಳ ಕೆಲಸ. ಆದ್ರೆ ಅವು ಎಲ್ಲವನ್ನೂ ಕಂಡ ಕಂಡ ಹಾಗೆ ತಿನ್ನುವುದಿಲ್ಲ. ರಕ್ತದ ಕೆಲವು ಪ್ರೋಟೀನುಗಳು ಮೊದಲು ಹೋಗಿ ಆ ವಸ್ತುವಿಗೆ ಅಂಟಿಕೊಳ್ತವೆ, ಆ ಗುರುತು ನೋಡಿ ಮ್ಯಾಕ್ರೋಫೇಜ್ ಹಿಡೀತದೆ. ಅಂದ್ರೆ ಗುಳ್ಳೆಯನ್ನು ಸಿಕ್ಕಿಸಿ ಹಾಕಿದ್ದು ಪ್ರೋಟೀನು.

ಪೆಗ್ ಬಂದ ಮೇಲೆ

ಹಾಗಾದ್ರೆ ಪ್ರೋಟೀನು ಅಂಟದ ಹಾಗೆ ಮಾಡಿದ್ರೆ ಆಯ್ತಲ್ಲ? 1990ರ ಆಸುಪಾಸಿನಲ್ಲಿ ಹಲವು ಗುಂಪುಗಳು ಇದೇ ದಾರಿ ಹಿಡಿದು ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪಾಲಿಮರನ್ನು ಗುಳ್ಳೆಯ ಮೇಲೆ ಕೂರಿಸಿದ್ರು. ಲ್ಯಾಬಿನವರು, ಡಾಕ್ಟ್ರುಗಳು ಎಲ್ಲ ಅದನ್ನು ಪೆಗ್ ಅಂತಲೇ ಹೇಳುವುದು. ಸುದ್ದಿಯಲ್ಲಿ ಬರುವ ಹಾಗೆ ಇದು ಪ್ಲಾಸ್ಟಿಕ್ ತೊಟ್ಟೆಯ ಜಾತಿಯದ್ದಲ್ಲ. ಇದು ನೀರಲ್ಲಿ ಪೂರ್ತಿ ಕರಗ್ತದೆ, ಮಲಬದ್ಧತೆಗೆ ನೀರಿಗೆ ಹಾಕಿ ಕುಡಿಯುವ ಪುಡಿ, ಕೊಲೊನೋಸ್ಕೋಪಿಗೆ ಮೊದಲು ಹೊಟ್ಟೆ ಖಾಲಿ ಮಾಡುವ ಪುಡಿ ಹೆಚ್ಚಾಗಿ ಇದರದ್ದೇ, ಎಷ್ಟೋ ಮಾತ್ರೆಗಳ ಮೇಲ್ಪದರದಲ್ಲೂ ಕ್ರೀಮುಗಳಲ್ಲೂ ಉಂಟು.

ಲೈಪೋಸೋಮಿಗೆ ಸಾಮಾನ್ಯವಾಗಿ ಬಳಸುವ ಪೆಗ್ ಎಳೆಯ ತೂಕ 2000 ಡಾಲ್ಟನ್ (ಅಣುಗಳನ್ನು ತೂಗುವ ಅಳತೆ), ಅಂದ್ರೆ ಒಂದೇ ತರದ ಸುಮಾರು 45 ಕೊಂಡಿಗಳ ಸರಪಳಿ. ಅದರ ಒಂದು ತುದಿಗೆ ಕೊಬ್ಬಿನ ಬಾಲ ಜೋಡಿಸಿರ್ತಾರೆ, ಆ ಬಾಲ ಗುಳ್ಳೆಯ ಗೋಡೆಯಲ್ಲಿ ಹುಗಿದು ನಿಲ್ತದೆ, ಸರಪಳಿ ಹೊರಗೆ ನೀರಲ್ಲಿ ಆಡ್ತಾ ಇರ್ತದೆ. ಒಂದೊಂದು ಕೊಂಡಿಯೂ ನೀರಿನ ಅಣುಗಳನ್ನು ಹಿಡಿದು ಇಟ್ಟುಕೊಳ್ಳುವ ಕಾರಣ ಗುಳ್ಳೆಯ ಸುತ್ತ ಕೆಲವು ನ್ಯಾನೋಮೀಟರ್ ದಪ್ಪದ ನೀರು ತುಂಬಿದ ಪೊದೆಯ ಹಾಗೆ ಆಗ್ತದೆ. ಪ್ರೋಟೀನು ಗೋಡೆಗೆ ಅಂಟಬೇಕಾದ್ರೆ ಈ ನೀರನ್ನು ಹೊರಗೆ ದೂಡ್ಬೇಕು, ಸರಪಳಿಗಳನ್ನು ಒತ್ತರಿಸ್ಬೇಕು, ಅದಕ್ಕೆ ಶಕ್ತಿ ಖರ್ಚು. ಎಳೆಗಳು ದೂರ ದೂರ ಇದ್ರೆ ಒಂದೊಂದೂ ಮುದುಡಿ ಅಣಬೆಯ ಆಕಾರಕ್ಕೆ ಬರ್ತದೆ, ಮಧ್ಯೆ ಜಾಗ ಖಾಲಿ ಉಳೀತದೆ. ಒತ್ತೊತ್ತಾಗಿ ಇದ್ರೆ ನೆಟ್ಟಗೆ ನಿಂತು ಬ್ರಷ್ಷಿನ ಹಾಗೆ ಆಗ್ತದೆ. ಹಾಗಂತ ಇಷ್ಟ ಬಂದಷ್ಟು ತುಂಬಿಸ್ಲಿಕ್ಕೂ ಆಗುವುದಿಲ್ಲ, ಜಾಸ್ತಿ ಆದ್ರೆ ಗುಳ್ಳೆಯ ಗೋಡೆಯೇ ಒಡೀತದೆ. ಹಾಗಾಗಿ ಗೋಡೆಯ ಅಣುಗಳಲ್ಲಿ ನೂರಕ್ಕೆ ಸುಮಾರು 5 ಮಾತ್ರ ಪೆಗ್ ಇರುವವು.

ಇದೇ ಲೆಕ್ಕದಲ್ಲಿ ಜೆರುಸಲೇಮಿನ ಬಾರೆನ್‌ಹೋಲ್ಜ್ ಮತ್ತು ಗಬಿಜಾನ್ ಅವರ ಕೆಲಸದಿಂದ ಹುಟ್ಟಿದ, ಪೆಗ್ ಕೋಟಿನ ಗುಳ್ಳೆಯೊಳಗೆ ಡಾಕ್ಸೋರುಬಿಸಿನ್ ತುಂಬಿಸಿದ ಡಾಕ್ಸಿಲ್ ಅನ್ನುವ ಮದ್ದಿಗೆ 1995ರಲ್ಲಿ ಅಮೆರಿಕದ ಮದ್ದು ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು, ನ್ಯಾನೋ ಮದ್ದು ಅಂತ ಒಪ್ಪಿಗೆ ಪಡೆದ ಮೊದಲನೇದು ಅದೇ. ಗುಳ್ಳೆಯ ಅಡ್ಡಳತೆ 80ರಿಂದ 100 ನ್ಯಾನೋಮೀಟರ್, ಒಳಗೆ ಡಾಕ್ಸೋರುಬಿಸಿನ್ ಕರಗಿದ ನೀರಾಗಿ ಅಲ್ಲ, ಹರಳುಗಟ್ಟಿ ಕೂತಿರ್ತದೆ. ರಕ್ತದಲ್ಲಿ ಅದರ ಅರ್ಧಾಂಶ ಉಳಿಯುವುದು ಎರಡು ದಿವಸಕ್ಕಿಂತ ಜಾಸ್ತಿ. ಹೃದಯದ ಪೆಟ್ಟು ಕಮ್ಮಿ ಆಯ್ತು, ಕೂದಲು ಉದುರುವುದೂ ಕಮ್ಮಿ. ಆದ್ರೆ ಅಷ್ಟು ಹೊತ್ತು ರಕ್ತದಲ್ಲಿ ತಿರುಗುವ ಕಾರಣವೇ ಹೊಸ ಒಂದು ತೊಂದರೆ ಎದ್ದು ಬಂತು, ಅಂಗೈ ಅಂಗಾಲಿನ ಚರ್ಮಕ್ಕೆ ಮದ್ದು ಸೋರಿ ಕೆಂಪಾಗುವುದು, ಸುಲಿಯುವುದು, ನಡೀಲಿಕ್ಕೆ ಕಷ್ಟ ಆಗುವುದು. ಬಿಸಿನೀರು, ಬಿಗಿ ಚಪ್ಪಲಿ, ತಿಕ್ಕಾಟ ಬೇಡ ಅಂತ ನರ್ಸುಗಳು ಹೇಳುವುದು ಇದಕ್ಕೇ.

ಭಾರತಕ್ಕೂ ಇದರಲ್ಲಿ ಪಾಲು ಉಂಟು. ಅಮೆರಿಕದಲ್ಲಿ ಡಾಕ್ಸಿಲ್ ಅಭಾವ ಆದಾಗ 2012ರಲ್ಲಿ ಎಫ್‌ಡಿಎ ತಾತ್ಕಾಲಿಕವಾಗಿ ತರಿಸಿದ್ದು ಸನ್ ಫಾರ್ಮಾದ ಲೈಪೋಡಾಕ್ಸನ್ನು, ಮರುವರ್ಷ ಡಾಕ್ಸಿಲ್‌ನ ಮೊದಲ ಜೆನೆರಿಕ್ ಒಪ್ಪಿಗೆ ಸಿಕ್ಕಿದ್ದೂ ಅದೇ ಕಂಪೆನಿಗೆ.

ರಕ್ತ ಸುಮ್ಮನೆ ಇರುವುದಿಲ್ಲ

ಇಲ್ಲಿವರೆಗೆ ಕೇಳಿದ್ರೆ ಪೆಗ್ ಹಾಕಿದ್ರೆ ಪ್ರೋಟೀನು ಅಂಟುವುದೇ ಇಲ್ಲ ಅಂತ ಅನಿಸ್ತದೆ. ಎಷ್ಟೋ ವರ್ಷ ಪಾಠದಲ್ಲೂ ಹಾಗೆಯೇ ಹೇಳ್ತಿದ್ರು. ಆದ್ರೆ ಒಂದು ಲೀಟರ್ ಪ್ಲಾಸ್ಮಾದಲ್ಲಿ, ಅಂದ್ರೆ ಕೋಶಗಳನ್ನು ಬಿಟ್ಟು ಉಳಿಯುವ ರಕ್ತದ ನೀರಿನ ಭಾಗದಲ್ಲಿ, 60ರಿಂದ 80 ಗ್ರಾಂ ಪ್ರೋಟೀನು ಇರ್ತದೆ, ಬಗೆ ಬಗೆಯದ್ದು ನೂರಾರು. ಅದರೊಳಗೆ ಬಿದ್ದ ಯಾವ ಕಣವೂ ಬರಿಮೈಯಲ್ಲಿ ಉಳಿಯುವುದಿಲ್ಲ. ಮೊದಲು ಬಂದು ಕೂರುವುದು ಸಂಖ್ಯೆಯಲ್ಲಿ ಜಾಸ್ತಿ ಇರುವ, ಬೇಗ ಓಡಾಡುವ ಆಲ್ಬುಮಿನ್ ತರದವು, ಆಮೇಲೆ ಕಮ್ಮಿ ಇದ್ರೂ ಬಲವಾಗಿ ಹಿಡಿಯುವವು ಬಂದು ಅವನ್ನು ಎಬ್ಬಿಸಿ ತಾವು ಕೂರ್ತವೆ. ಮದುವೆ ಮಂಟಪದಲ್ಲಿ ಎದುರಿನ ಕುರ್ಚಿಯಲ್ಲಿ ಬೇಗ ಬಂದ ಊರವರು ಕೂತಿರ್ತಾರೆ, ಹುಡುಗಿಯ ಸೋದರಮಾವನ ಕಡೆಯವರು ಬಂದ ಕೂಡಲೇ ಎದ್ದು ಜಾಗ ಬಿಡ್ತಾರಲ್ಲ, ಹಾಗೆ. ಡಚ್ ಮೂಲದ ಲಿಯೋ ವ್ರೋಮನ್ 1960ರ ದಶಕದಲ್ಲೇ ಗಾಜಿನಂಥ ಮೇಲ್ಮೈಗಳ ಮೇಲೆ ಈ ಬದಲಾವಣೆಯನ್ನು ಗಮನಿಸಿದ್ದ. 2007ರ ಹೊತ್ತಿಗೆ ಡಬ್ಲಿನ್ನಿನ ಕೆನೆತ್ ಡಾಸನ್, ಸ್ವೀಡನ್ನಿನ ಸಾರಾ ಲಿನ್ಸೆ ಅವರ ಗುಂಪುಗಳು ನ್ಯಾನೋ ಕಣದ ಸುತ್ತ ಕೂರುವ ಈ ಪದರಕ್ಕೆ ಪ್ರೋಟೀನ್ ಕೊರೋನಾ ಅಂತ ಹೆಸರು ಕೊಟ್ಟು ಅದನ್ನು ಅಳೆಯುವ ಕ್ರಮ ತೋರಿಸಿದ್ರು. (ಕೋವಿಡ್ ವೈರಸ್ಸಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಕೆಲವು ಫಾರ್ವರ್ಡ್‌ಗಳಲ್ಲಿ ಅದನ್ನೂ ಸೇರಿಸಿ ಕಲಸುಮೇಲೋಗರ ಮಾಡಿದ್ದುಂಟು.)

ಇದನ್ನು ನೋಡುವ ಕ್ರಮವೂ ಸುಲಭದ್ದಲ್ಲ. ಗುಳ್ಳೆಯನ್ನು ಪ್ಲಾಸ್ಮಾದಲ್ಲಿ ಹಾಕಿ ಮೈಬಿಸಿಯಲ್ಲಿ, ಅಂದ್ರೆ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಡ್ಬೇಕು, ಆಮೇಲೆ ಅಂಟದೆ ಉಳಿದ ಪ್ರೋಟೀನಿನಿಂದ ಗುಳ್ಳೆಯನ್ನು ಬೇರೆ ಮಾಡ್ಬೇಕು, ತೊಳೀಬೇಕು, ಅಂಟಿದ್ದನ್ನು ಬಿಡಿಸಿ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಅಣುಗಳನ್ನು ತೂಗಿ ಗುರುತಿಸುವ ಯಂತ್ರದಲ್ಲಿ ಹೆಸರು ಹುಡುಕ್ಬೇಕು. ಲೈಪೋಸೋಮಿನಲ್ಲಿ ಇನ್ನೊಂದು ಸಂಕಟ ಎಂಥ ಅಂದ್ರೆ ರಕ್ತದಲ್ಲಿರುವ ಕೊಲೆಸ್ಟರಾಲ್ ಹೊರುವ ಲಿಪೋಪ್ರೋಟೀನು ಕಣಗಳು, ದೇಹ ತಾನೇ ಬಿಡುವ ಸಣ್ಣ ಗುಳ್ಳೆಗಳು ಎಲ್ಲ ಗಾತ್ರದಲ್ಲೂ ಸಾಂದ್ರತೆಯಲ್ಲೂ ಇದರ ಹತ್ತಿರ ಹತ್ತಿರವೇ ಇರುವುದು, ಬೇರೆ ಮಾಡುವಾಗ ಅವೂ ಒಟ್ಟಿಗೆ ಬರ್ತವೆ. ಜಾಸ್ತಿ ತೊಳೆದ್ರೆ ಸಡಿಲವಾಗಿ ಅಂಟಿದ್ದು ಹೋಗ್ತದೆ, ಕಮ್ಮಿ ತೊಳೆದ್ರೆ ಅಂಟದೇ ಇದ್ದದ್ದೂ ಲೆಕ್ಕಕ್ಕೆ ಬರ್ತದೆ. ಎರಡು ಲ್ಯಾಬಿನ ಪಟ್ಟಿ ಒಂದೇ ತರ ಬರದೇ ಇರುವುದಕ್ಕೆ ದೊಡ್ಡ ಕಾರಣ ಇದೇ, ಸುದ್ದಿಗಳಲ್ಲಿ ವಿಜ್ಞಾನಿಗಳೇ ಒಬ್ಬರಿಗೊಬ್ಬರು ವಿರುದ್ಧ ಹೇಳ್ತಾರೆ ಅಂತ ಕಾಣುವುದೂ ಇದರಿಂದಲೇ.

2016ರ ಪ್ರಯೋಗ ಬುಡವನ್ನೇ ಅಲ್ಲಾಡಿಸಿದ್ದು

ಜರ್ಮನಿಯ ಮೈಂಝ್‌ನ ಒಂದು ಗುಂಪು 2016ರಲ್ಲಿ ಮಾಡಿದ ಪ್ರಯೋಗ ಈ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅಂತ ಕಾಣ್ತದೆ. ಅವರು ಬಳಸಿದ್ದು ಲೈಪೋಸೋಮ್ ಅಲ್ಲ, ಪಾಲಿಸ್ಟೈರೀನಿನ ನ್ಯಾನೋ ಕಣ. ಕೆಲವಕ್ಕೆ ಪೆಗ್ ಕೋಟು, ಕೆಲವಕ್ಕೆ ಪಾಲಿಫಾಸ್ಫೋಎಸ್ಟರ್ ಅನ್ನುವ ಬೇರೆ ಪಾಲಿಮರಿನ ಕೋಟು. ಮೊದಲು ಪ್ಲಾಸ್ಮಾ ಮುಟ್ಟಿಸದೆಯೇ ಮ್ಯಾಕ್ರೋಫೇಜ್‌ಗಳ ಎದುರು ಇಟ್ರು. ಹಳೇ ಪಾಠದ ಪ್ರಕಾರ ಪ್ರೋಟೀನೇ ಇಲ್ಲದ ಮೇಲೆ ಕೋಟು ಇರುವ ಕಣವನ್ನು ನುಂಗಲೇಬಾರದು. ಆದ್ರೆ ನುಂಗಿದ್ವು. ಅದೇ ಕಣಗಳನ್ನು ಮೊದಲು ಪ್ಲಾಸ್ಮಾದಲ್ಲಿ ಅದ್ದಿ ಆಮೇಲೆ ಇಟ್ರೆ ನುಂಗುವುದು ತುಂಬಾ ಕಮ್ಮಿ ಆಯ್ತು. ಹುಡುಕಿದಾಗ ಅಂಥ ಕಣಗಳ ಮೇಲೆ ಕ್ಲಸ್ಟರಿನ್ ಅನ್ನುವ ಪ್ರೋಟೀನು ಜಾಸ್ತಿ ಕೂತಿತ್ತು, ಅದೊಂದನ್ನೇ ಪ್ರತ್ಯೇಕ ಅಂಟಿಸಿ ನೋಡಿದ್ರೂ ನುಂಗುವುದು ಕಮ್ಮಿ ಆಯ್ತು.

ಇದರ ಅರ್ಥ ಎಷ್ಟು ದೂರ ಹೋಗ್ತದೆ ನೋಡಿ. ಪೆಗ್ ಎಲ್ಲ ಪ್ರೋಟೀನನ್ನೂ ಹೊರಗೆ ಇಟ್ಟು ಗುಳ್ಳೆಯನ್ನು ಕಾಪಾಡ್ತದೆ ಅಂತ ಅಂದುಕೊಂಡದ್ದು ಅರ್ಧ ಮಾತ್ರ ಸರಿ, ಇನ್ನರ್ಧ ಕೆಲಸ ಅದು ಒಳಗೆ ಬಿಡುವ ಪ್ರೋಟೀನಿನದ್ದು. ಹಾಗಾದ್ರೆ ಒಬ್ಬರ ರಕ್ತದಲ್ಲಿ ಪ್ರೋಟೀನಿನ ಹದ ಬೇರೆ ಇದ್ರೆ, ಉದಾಹರಣೆಗೆ ಡಯಾಬಿಟಿಸ್ ಇದ್ರೆ, ಕೊಲೆಸ್ಟರಾಲ್ ಜಾಸ್ತಿ ಇದ್ರೆ, ಲಿವರ್ ಕೆಟ್ಟಿದ್ರೆ, ಕ್ಯಾನ್ಸರಿನಿಂದಲೇ ಆಲ್ಬುಮಿನ್ ಇಳಿದಿದ್ರೆ, ಅದೇ ಬಾಟಲಿಯ ಮದ್ದಿನ ಮೇಲೆ ಕೂರುವ ಪದರವೂ ಬೇರೆ ಆಗ್ತದೆ. ಕಾಯಿಲೆಯಿಂದ ಕಾಯಿಲೆಗೆ ಕೊರೋನಾ ಬದಲಾಗ್ತದೆ ಅಂತ ತೋರಿಸುವ ಪ್ರಯೋಗಗಳು ಈಗ ಸುಮಾರು ಬಂದಿವೆ. ಕೇರಳದಲ್ಲಿ ಸಕ್ಕರೆ ಕಾಯಿಲೆ ಎಷ್ಟು ಮನೆಗಳಲ್ಲಿ ಉಂಟು ಅಂತ ಯೋಚಿಸಿದ್ರೆ ಇದು ನಮಗೆ ದೂರದ ವಿಷಯ ಅಲ್ಲ.

ಆಂಟಿಬಾಡಿಯ ಕಥೆ

ಈಗ ಭಯ ಹುಟ್ಟಿಸುವ ಸುದ್ದಿಗೆ ಬರುವ. ಆಂಟಿಬಾಡಿಯೂ ಒಂದು ಪ್ರೋಟೀನೇ, ಕೊರೋನಾದಲ್ಲಿ ಅದೂ ಬಂದು ಕೂರಬಹುದು. ಪೆಗ್ ವಿರುದ್ಧ ದೇಹ ಆಂಟಿಬಾಡಿ ಮಾಡುವುದೇ ಇಲ್ಲ ಅಂತ ಮೊದಲು ನಂಬಿದ್ರು. 2000ನೇ ಇಸವಿಯ ಸುಮಾರಿಗೆ ನೆದರ್ಲ್ಯಾಂಡಿನವರು ಪ್ರಾಣಿಗಳಿಗೆ ಪೆಗ್ ಲೈಪೋಸೋಮನ್ನು ಒಂದು ವಾರ ಬಿಟ್ಟು ಎರಡನೇ ಸಲ ಕೊಟ್ಟಾಗ ವಿಚಿತ್ರ ಕಂಡರು, ಮೊದಲನೇ ಸಲ ಗಂಟೆಗಟ್ಟಲೆ ತಿರುಗಿದ್ದು ಎರಡನೇ ಸಲ ಬೇಗನೆ ಲಿವರಿಗೆ ಹೋಗಿ ಮುಗೀತು. ಜಪಾನಿನ ತೊಕುಶಿಮಾದ ಇಶಿದಾ, ಕಿವಾದಾ ಇದರ ಹಿಂದೆ ಬಿದ್ದು ಕಾರಣ ಹುಡುಕಿದ್ರು: ಮೊದಲ ಡೋಸ್ ಗುಲ್ಮದ ಬಿ ಕೋಶಗಳನ್ನು ಎಬ್ಬಿಸ್ತದೆ, ಅವು ಕೆಲವೇ ದಿವಸದಲ್ಲಿ ಪೆಗ್ ಹಿಡಿಯುವ ಐಜಿಎಂ ಆಂಟಿಬಾಡಿ ಮಾಡ್ತವೆ, ಎರಡನೇ ಡೋಸ್ ಬಂದಾಗ ಆ ಐಜಿಎಂ ಅಂಟ್ತದೆ, ಅದರ ಬೆನ್ನಿಗೆ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಸರಣಿ ಎದ್ದು ಗುರುತು ಹಾಕ್ತದೆ, ಲಿವರಿನ ಮ್ಯಾಕ್ರೋಫೇಜ್ ಹಿಡೀತದೆ.

ಸುದ್ದಿಯವರು ಇಲ್ಲಿಗೆ ನಿಲ್ಲಿಸಿ ಬಿಡ್ತಾರೆ. ಆದ್ರೆ ಮುಂದಿನ ಭಾಗ ಓದದಿದ್ರೆ ಪೂರ್ತಿ ತಪ್ಪು ಅಭಿಪ್ರಾಯ ಬರ್ತದೆ. ಡೋಸ್ ಕಮ್ಮಿ ಇದ್ದಾಗ ಈ ಪರಿಣಾಮ ಜೋರು, ಡೋಸ್ ಜಾಸ್ತಿ ಆದ್ರೆ ಕಮ್ಮಿ. ಗುಳ್ಳೆ ಖಾಲಿ ಇದ್ರೆ ಅಥವಾ ಒಳಗೆ ಕೋಶ ಕೊಲ್ಲದ ಮದ್ದು ಇದ್ರೆ ಜೋರು, ಡಾಕ್ಸೋರುಬಿಸಿನ್ ಇದ್ರೆ ಕಮ್ಮಿ, ಯಾಕಂದ್ರೆ ಆಂಟಿಬಾಡಿ ಮಾಡಬೇಕಾದ ಬಿ ಕೋಶಗಳನ್ನೇ ಆ ಮದ್ದು ಕೊಲ್ತದೆ. ಡಾಕ್ಸಿಲ್ ತರದ ಮದ್ದು ತಗೊಂಡ ಮನುಷ್ಯರಲ್ಲಿ 2008ರಲ್ಲಿ ಗಬಿಜಾನ್ ಗುಂಪು ಅಳೆದು ನೋಡಿದಾಗ ಸಿಕ್ಕಿದ್ದು ಇಲಿಯಲ್ಲಿ ಕಂಡದ್ದಕ್ಕೆ ಉಲ್ಟಾ, ಮೊದಲನೇ ಸೈಕಲಿಗಿಂತ (ಕೀಮೋದ ಸುತ್ತಿಗಿಂತ) ಮೂರನೇ ಸೈಕಲಿನಲ್ಲಿ ಮದ್ದು ರಕ್ತದಿಂದ ಹೊರಗೆ ಹೋಗುವುದು ನಿಧಾನ ಆಗಿತ್ತು. ಸಾಮಾನ್ಯವಾಗಿ ಮೂರೋ ನಾಲ್ಕೋ ವಾರ ಬಿಟ್ಟು ಡೋಸ್ ಕೊಡುವುದೂ ಇದರಲ್ಲಿ ಲೆಕ್ಕಕ್ಕೆ ಬರ್ತದೆ. ಹಾಗಾಗಿ "ಎರಡನೇ ಡೋಸಿನಿಂದ ಪ್ರಯೋಜನ ಇಲ್ಲ" ಅಂತ ಬರೆದದ್ದನ್ನು ನೋಡಿ ಯಾರೂ ಚಿಕಿತ್ಸೆ ಅರ್ಧಕ್ಕೆ ಬಿಡಬಾರದು, ಆ ಮಾತಿಗೆ ಆಧಾರ ಇಲ್ಲ.

ಶೇ. 0.2 ಅಂತಲೋ ಶೇ. 72 ಅಂತಲೋ?

ಎಷ್ಟು ಜನರಲ್ಲಿ ಈ ಆಂಟಿಬಾಡಿ ಮೊದಲೇ ಉಂಟು ಅನ್ನುವ ಲೆಕ್ಕ ಓದಿದ್ರೆ ತಲೆ ತಿರುಗ್ತದೆ. 1984ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ರಕ್ತದಾನಿಗಳಲ್ಲಿ ಶೇ. 0.2 ಮಾತ್ರ. 2016ರಲ್ಲಿ ತೈವಾನಿನ ಒಂದು ಅಧ್ಯಯನದಲ್ಲಿ ಶೇ. 44ರ ಆಸುಪಾಸು, ಅದೇ ವರ್ಷ ಅಮೆರಿಕದ ಇನ್ನೊಂದರಲ್ಲಿ ಶೇ. 72.

ಮೂವತ್ತು ವರ್ಷದಲ್ಲಿ ಪೆಗ್ ಇರುವ ವಸ್ತುಗಳು ಜಾಸ್ತಿ ಆದದ್ದು ಒಂದು ಕಾರಣ ಇರಬಹುದು, ಆದ್ರೆ ಅಂತರದ ದೊಡ್ಡ ಪಾಲು ಅಳೆಯುವ ಕ್ರಮದ್ದು. ಹಳೇ ಪರೀಕ್ಷೆಗೆ ಸಣ್ಣ ಪ್ರಮಾಣ ಕಾಣುತ್ತಿರಲಿಲ್ಲ, ಹೊಸದಕ್ಕೆ ತೀರಾ ಸಣ್ಣದೂ ಕಾಣ್ತದೆ. ಮೇಲಿಂದ ಪರೀಕ್ಷೆಯಲ್ಲಿ ತೊಳೀಲಿಕ್ಕೆ ಬಳಸುವ ಟ್ವೀನ್ ಅನ್ನುವ ಸೋಪಿನಲ್ಲೇ ಪೆಗ್ ತರದ ಸರಪಳಿ ಉಂಟು, ಅದು ಆಂಟಿಬಾಡಿಯನ್ನು ಹಿಡಿದು ಲೆಕ್ಕ ತಪ್ಪಿಸ್ತದೆ. ಎಲ್ಲ ಲ್ಯಾಬಿಗೂ ಒಂದೇ ಅಳತೆಗೋಲು ಅಂತ ಇನ್ನೂ ಗಟ್ಟಿಯಾಗಿ ನಿಂತಿಲ್ಲ. ಇನ್ನೂ ಮುಖ್ಯ ವಿಷಯ, ಪಾಸಿಟಿವ್ ಬಂದ ಹೆಚ್ಚಿನವರಲ್ಲಿ ಪ್ರಮಾಣ ತೀರಾ ಕಮ್ಮಿ. ಒಬ್ಬನಿಗೆ ನರಕ್ಕೆ ಕೊಡುವ ಗುಳ್ಳೆಗಳ ಸಂಖ್ಯೆ ಎಷ್ಟು ದೊಡ್ಡದು ಅಂದ್ರೆ ಅಷ್ಟು ಸಣ್ಣ ಪ್ರಮಾಣದ ಆಂಟಿಬಾಡಿ ಅದರಲ್ಲಿ ಹಂಚಿ ಹೋಗ್ತದೆ. ಅಪಾಯ ಇರುವುದು ಪ್ರಮಾಣ ತುಂಬಾ ಜಾಸ್ತಿ ಇರುವ ಕೆಲವೇ ಕೆಲವರಿಗೆ.

ಆ ಕೆಲವರನ್ನು ಹಗುರವಾಗಿ ತೆಗೆದುಕೊಳ್ಳುವುದೂ ತಪ್ಪು. ಪೆಗ್ ಜೋಡಿಸಿದ ಪೆಗ್ನಿವಾಕೋಜಿನ್ ಅನ್ನುವ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮದ್ದಿನ ದೊಡ್ಡ ಪ್ರಯೋಗವನ್ನು 2014ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಗಿ ಬಂತು, ಕೆಲವರಿಗೆ ತೀವ್ರ ಅಲರ್ಜಿ ಆಯ್ತು, ಅಂಥವರ ರಕ್ತದಲ್ಲಿ ಪೆಗ್ ಆಂಟಿಬಾಡಿ ಮೊದಲೇ ಜಾಸ್ತಿ ಇತ್ತು ಅಂತ ಆಮೇಲೆ ಗೊತ್ತಾಯ್ತು. ಅದು ಲೈಪೋಸೋಮ್ ಅಲ್ಲ, ಆದ್ರೆ ಎಚ್ಚರಿಕೆ ಎಲ್ಲರಿಗೂ ಅನ್ವಯ. ಇನ್ನೊಂದು ವಿಷಯವೂ ಲ್ಯಾಬಿನಲ್ಲಿ ಕಂಡಿದೆ: ಆಂಟಿಬಾಡಿ ಅಂಟಿ ಕಾಂಪ್ಲಿಮೆಂಟ್ ಎದ್ದರೆ ಅದು ಬ್ಯಾಕ್ಟೀರಿಯಾದ ಗೋಡೆಯನ್ನು ತೂತು ಮಾಡುವ ಹಾಗೆ ಗುಳ್ಳೆಯ ಗೋಡೆಯನ್ನೂ ತೂತು ಮಾಡ್ತದೆ, ಮದ್ದು ರಕ್ತದಲ್ಲೇ ಸೋರ್ತದೆ. ಹಾಗೆ ಆದ್ರೆ ಹೃದಯವನ್ನು ಕಾಪಾಡ್ಲಿಕ್ಕೆ ಗುಳ್ಳೆಯೊಳಗೆ ಹಾಕಿದ ಉದ್ದೇಶವೇ ಹೋಯ್ತು.

ಡ್ರಿಪ್ ಅಷ್ಟು ನಿಧಾನ ಯಾಕೆ

ಪ್ರೋಟೀನು ಕಣದ ಮೇಲೆ ಕೂರುವುದು ವಾರ್ಡಿನಲ್ಲಿ ಹೇಗೆ ಕಾಣ್ತದೆ ಅಂತ ನೋಡ್ಬೇಕಾದ್ರೆ ಮೊದಲ ಡೋಸಿನ ಮೊದಲ ನಿಮಿಷಗಳನ್ನು ನೋಡ್ಬೇಕು. ಡಾಕ್ಸಿಲ್ ತರದ, ಕೆಂಪು ಬಣ್ಣದ, ಸ್ವಲ್ಪ ಮಬ್ಬು ಮಬ್ಬಾದ ಮದ್ದನ್ನು ಶೇ. 5ರ ಡೆಕ್ಸ್ಟ್ರೋಸ್ ಬಾಟಲಿಗೆ ಸೇರಿಸಿರ್ತಾರೆ, ಸಲೈನಿಗೆ ಅಲ್ಲ. ಶುರುವಿಗೆ ನಿಮಿಷಕ್ಕೆ 1 ಮಿಲಿಗ್ರಾಂ ಮಾತ್ರ ಹೋಗುವ ಹಾಗೆ ಇಟ್ಟು ನರ್ಸ್ ಹತ್ತಿರವೇ ಇರ್ತಾರೆ. ಕೆಲವರಿಗೆ ಆ ಹೊತ್ತಿನಲ್ಲೇ ಮುಖ ಕೆಂಪಾಗುವುದು, ಎದೆ ಬಿಗಿಯುವುದು, ಬೆನ್ನು ನೋವು, ಉಸಿರು ಕಟ್ಟಿದ ಹಾಗೆ ಆಗುವುದು, ಬಿಪಿ ಇಳಿಯುವುದು ಉಂಟು. ಗಟ್ಟಿ ಗಡ್ಡೆಯ ಕ್ಯಾನ್ಸರಿನ ರೋಗಿಗಳಲ್ಲಿ ಸುಮಾರು ಶೇ. 11 ಮಂದಿಗೆ ಡ್ರಿಪ್ಪಿನ ಪ್ರತಿಕ್ರಿಯೆ ಕಂಡಿದೆ ಅಂತ ಮದ್ದಿನ ಲೇಬಲ್ಲಿನಲ್ಲೇ ಉಂಟು, ಹೆಚ್ಚಾಗಿ ಡ್ರಿಪ್ ನಿಲ್ಲಿಸಿದ್ರೆ ಅಥವಾ ನಿಧಾನ ಮಾಡಿದ್ರೆ ಇಳೀತದೆ, ಅಪರೂಪಕ್ಕೆ ಜೀವಕ್ಕೆ ಅಪಾಯ.

ಸಾಮಾನ್ಯ ಅಲರ್ಜಿಯಾದ್ರೆ ಎರಡನೇ ಸಲ ಜಾಸ್ತಿ ಆಗಬೇಕು, ಇಲ್ಲಿ ಉಲ್ಟಾ, ಹೆಚ್ಚಿನವರಿಗೆ ಆಗುವುದು ಮೊದಲನೇ ಸಲವೇ. ಹಂಗೇರಿಯ ಯಾನೋಶ್ ಸೆಬೆನಿ ಇದಕ್ಕೆ ಕಾಂಪ್ಲಿಮೆಂಟ್ ಏಳುವುದೇ ಕಾರಣ ಅಂತ ವಾದ ಮಾಡ್ತಾ ಬಂದವರು. ಕಣದ ಮೇಲೆ ಸಿ3 ಅನ್ನುವ ಕಾಂಪ್ಲಿಮೆಂಟ್ ಪ್ರೋಟೀನು ಕೂತು ಒಡೆದಾಗ ಅದರ ತುಂಡುಗಳು ರಕ್ತದ ಕೋಶಗಳನ್ನು ಕೆರಳಿಸ್ತವೆ, ರಕ್ತನಾಳ ಬಿಗಿಯುವ ವಸ್ತುಗಳು ಹೊರಗೆ ಬರ್ತವೆ. ನಿಧಾನ ಕೊಟ್ರೆ ಈ ತುಂಡುಗಳು ಒಟ್ಟಾಗುವ ಮೊದಲೇ ದೇಹ ಸುಧಾರಿಸಿಕೊಳ್ತದೆ. ಇದನ್ನು ಎಲ್ಲರೂ ಪೂರ್ತಿ ಒಪ್ಪುವುದಿಲ್ಲ, ಕಾಂಪ್ಲಿಮೆಂಟ್ ಎದ್ದರೂ ಲಕ್ಷಣ ಬಾರದವರು ಇದ್ದಾರೆ, ನುಂಗುವ ಕೋಶಗಳೇ ನೇರವಾಗಿ ಕೆರಳ್ತವೆ ಅನ್ನುವ ವಾದವೂ ಉಂಟು. ಪ್ರಯೋಗಕ್ಕೆ ಬಳಸುವ ಹಂದಿಯ ಶ್ವಾಸಕೋಶದ ರಕ್ತನಾಳದಲ್ಲಿ ಮನುಷ್ಯರಲ್ಲಿ ಇಲ್ಲದಷ್ಟು ಮ್ಯಾಕ್ರೋಫೇಜ್ ಇರುವ ಕಾರಣ ಅದರಲ್ಲಿ ಕಂಡದ್ದನ್ನು ನಮಗೆ ನೇರ ಹಚ್ಚುವುದು ಕಷ್ಟ. ಏನೇ ಇರಲಿ, ಡೇ ಕೇರಿನಲ್ಲಿ "ಇಷ್ಟು ನಿಧಾನ ಯಾಕೆ, ಸಂಜೆಯ ಬಸ್ಸು ತಪ್ತದೆ, ಸ್ವಲ್ಪ ಬೇಗ ಬಿಡಿ" ಅಂತ ಕೇಳುವ ಮೊದಲು ಇದು ಗೊತ್ತಿರಬೇಕು.

ಮೂರು ವಾದಗಳು

ಒಂದು ಕಡೆಯವರು, ಪೆಗ್ ಬಿಡುವ ಅಗತ್ಯ ಇಲ್ಲ ಅಂತಾರೆ. 1995ರಿಂದ ಈವರೆಗೆ ಮನುಷ್ಯರಲ್ಲಿ ಬಳಸಿದ ಅನುಭವ ಬೇರೆ ಯಾವ ಪಾಲಿಮರಿಗೂ ಇಲ್ಲ, ತೊಂದರೆ ಆಗುವವರನ್ನು ಮೊದಲೇ ಗುರುತಿಸಿದ್ರೆ ಸಾಕು ಅನ್ನುವುದು ಅವರ ವಾದ. ಎರಡನೇ ಕಡೆಯವರು ಪಾಲಿಸಾರ್ಕೋಸಿನ್, ಪಾಲಿಆಕ್ಸಜೋಲಿನ್, ಪ್ಲಸ್ ಮೈನಸ್ ಎರಡೂ ಚಾರ್ಜ್ ಇರುವ ಜ್ವಿಟ್ಟರಯಾನಿಕ್ ಪಾಲಿಮರುಗಳನ್ನು ಪೆಗ್ ಜಾಗಕ್ಕೆ ತರ್ತಾ ಇದ್ದಾರೆ, ಪ್ರಾಣಿಗಳಲ್ಲಿ ಫಲಿತಾಂಶ ಒಳ್ಳೇದುಂಟು. ಆದ್ರೆ ಪೆಗ್ ಬಗ್ಗೆಯೂ ಮೊದಲು ಇದೇ ಮಾತು ಕೇಳಿಬಂದಿತ್ತು, ಆಂಟಿಬಾಡಿಯಿಂದ ತೊಂದರೆ ಆಗಬಹುದು ಅಂತ ಗೊತ್ತಾದದ್ದು ಆಮೇಲೆಯೇ. ಹೊಸದಕ್ಕೆ ಆಂಟಿಬಾಡಿ ಬರುವುದೇ ಇಲ್ಲ ಅಂತ ಈಗಲೇ ಹೇಳುವುದು ಅವಸರ.

ಮೂರನೇ ಕಡೆಯವರ ಯೋಚನೆಯೇ ಬೇರೆ, ನನಗೆ ಹೆಚ್ಚು ಭರವಸೆ ಕಾಣುವುದೂ ಅದರಲ್ಲೇ. ಪ್ರೋಟೀನನ್ನು ತಡೆಯುವುದು ಬಿಟ್ಟು ಬೇಕಾದ ಪ್ರೋಟೀನನ್ನೇ ಕರೆಸಿಕೊಳ್ಳುವುದು. ಇದು ಬರೀ ಯೋಚನೆ ಅಲ್ಲ, 2018ರಲ್ಲಿ ಒಪ್ಪಿಗೆ ಪಡೆದ ಆನ್‌ಪ್ಯಾಟ್ರೊ ಅನ್ನುವ ಮದ್ದು ಇದೇ ಕ್ರಮದಲ್ಲಿ ಕೆಲಸ ಮಾಡುವುದು. ಅದರ ಪೆಗ್‌ಗೆ ಬೇಕಂತಲೇ ಗಿಡ್ಡ ಬಾಲ ಇಟ್ಟಿದ್ದಾರೆ, ರಕ್ತಕ್ಕೆ ಹೋದ ಮೇಲೆ ಪೆಗ್ ಕಳಚಿ ಬೀಳ್ತದೆ, ಖಾಲಿ ಆದ ಜಾಗಕ್ಕೆ ಅಪೋಇ ಅನ್ನುವ ಪ್ರೋಟೀನು ಬಂದು ಕೂರ್ತದೆ. ಅಪೋಇ ಕಂಡ ಕೂಡಲೇ ಲಿವರಿನ ಕೋಶ ಕೊಲೆಸ್ಟರಾಲ್ ಕಣ ಬಂತು ಅಂತ ಒಳಗೆ ತಗೊಳ್ತದೆ, ಮದ್ದು ಕೆಲಸ ಮಾಡಬೇಕಾದ ಜಾಗವೂ ಲಿವರೇ. ಅಮೆರಿಕದ ಡ್ಯಾನಿಯಲ್ ಸೀಗ್ವಾರ್ಟ್ ಗುಂಪು ಲಿಪಿಡಿನ ಹದ ಬದಲಾಯಿಸಿ ಕಣ ಲಿವರಿಗೆ ಹೋಗುವ ಬದಲು ಶ್ವಾಸಕೋಶಕ್ಕೋ ಗುಲ್ಮಕ್ಕೋ ಹೋಗುವ ಹಾಗೆ ಇಲಿಗಳಲ್ಲಿ ಮಾಡಿ ತೋರಿಸಿದೆ, ಹದ ಬದಲಾದ ಹಾಗೆ ಮೇಲೆ ಕೂರುವ ಪ್ರೋಟೀನೂ ಬದಲಾದದ್ದು ಕಂಡಿದೆ.

ಆದ್ರೆ ಇದು ಗಡ್ಡೆಯ ವಿಷಯದಲ್ಲಿ ಅಷ್ಟು ಸುಲಭ ಇಲ್ಲ. ಪ್ರಾಣಿಗಳಲ್ಲಿ ಮಾಡಿದ ಹತ್ತು ವರ್ಷದ ಪ್ರಯೋಗಗಳನ್ನು 2016ರಲ್ಲಿ ಒಟ್ಟು ಹಾಕಿ ನೋಡಿದಾಗ ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆಗೆ ಮುಟ್ಟಿದ್ದು ಮಧ್ಯಮ ಲೆಕ್ಕದಲ್ಲಿ ಶೇ. 0.7 ಮಾತ್ರ. "ಸೀದಾ ಗಡ್ಡೆಗೇ ಹೋಗ್ತದೆ" ಅನ್ನುವ ಮೊದಲ ಸುದ್ದಿಯೂ ಎಷ್ಟು ಉಬ್ಬಿಸಿದ್ದು ಅಂತ ಇದರಲ್ಲಿ ಗೊತ್ತಾಗ್ತದೆ.

ಲಸಿಕೆಯನ್ನೂ ಕಪ್ಪು ಫಂಗಸ್ಸನ್ನೂ ಇದಕ್ಕೆ ಗಂಟು ಹಾಕಬೇಡಿ

ಊರಲ್ಲಿ ಹೆಚ್ಚಿನವರು ತಗೊಂಡ ಕೋವಿಶೀಲ್ಡಿನಲ್ಲೂ ಕೋವ್ಯಾಕ್ಸಿನ್‌ನಲ್ಲೂ ಪೆಗ್ ಲಿಪಿಡ್ ಇರಲಿಲ್ಲ. ಕೋವಿಶೀಲ್ಡಿನಲ್ಲಿ ಇದ್ದದ್ದು ಪಾಲಿಸಾರ್ಬೇಟ್ 80, ಅದು ಪೆಗ್‌ನ ಸಂಬಂಧಿ, ಪೆಗ್ ಅಲ್ಲ. ಗಲ್ಫಿನಲ್ಲಿ ಇದ್ದು ಫೈಜರ್ ತಗೊಂಡವರು ನಮ್ಮಲ್ಲಿ ಸುಮಾರು ಜನ ಇದ್ದಾರೆ, ಅದರಲ್ಲಿ ಪೆಗ್ ಇತ್ತು. ಮೊಡೆರ್ನಾ ತಗೊಂಡವರಲ್ಲಿ ಪೆಗ್ ಆಂಟಿಬಾಡಿ ಏರಿದ್ದು ಜಾಸ್ತಿ, ಫೈಜರಿನಲ್ಲಿ ತುಂಬಾ ಕಮ್ಮಿ ಅಂತ ಆಸ್ಟ್ರೇಲಿಯಾದ ಒಂದು ಅಧ್ಯಯನ 2022ರಲ್ಲಿ ಹೇಳಿದೆ. ಹಾಗೆ ಏರಿದ್ದರಿಂದ ಮುಂದೆ ಕೀಮೋ ಕೆಲಸ ಮಾಡುವುದಿಲ್ಲ ಅಂತ ಹೇಳ್ಲಿಕ್ಕೆ ಬರುವುದಿಲ್ಲ. 2021ರಲ್ಲಿ ಕಪ್ಪು ಫಂಗಸ್ಸಿಗೆ ಅಂತ ಜನ ಊರೂರು ಹುಡುಕಿದ ಲೈಪೋಸೋಮಲ್ ಆಂಫೋಟೆರಿಸಿನ್ ಲೈಪೋಸೋಮೇ ಹೌದು, ಆದ್ರೆ ಅದಕ್ಕೆ ಪೆಗ್ ಕೋಟು ಇಲ್ಲ.

ನಮ್ಮಲ್ಲಿ ಮುಂದೆ ಎಂಥ ಆಗಬಹುದು

2019ರಲ್ಲಿ ಕೇಂದ್ರ ಸರ್ಕಾರ ನ್ಯಾನೋ ಮದ್ದುಗಳ ಮೌಲ್ಯಮಾಪನಕ್ಕೆ ಅಂತಲೇ ಮಾರ್ಗಸೂಚಿ ತಂದಿತು. ಇಂಥ ಮದ್ದಿನ ಜೆನೆರಿಕ್ ಅಂದ್ರೆ ಒಳಗಿನ ಮದ್ದು ಒಂದೇ ಇದ್ರೆ ಸಾಲುವುದಿಲ್ಲ. ಗುಳ್ಳೆಯ ಗಾತ್ರ, ಪೆಗ್ ಎಷ್ಟು ಒತ್ತಾಗಿ ಉಂಟು, ಒಳಗೆ ಹರಳು ಹೇಗೆ ಉಂಟು ಎಲ್ಲ ಒಂದೇ ಇರಬೇಕು, ಅದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಕೂರುವ ಪ್ರೋಟೀನು ಬದಲಾಗಬಹುದು. ಕಮ್ಮಿ ಬೆಲೆಯ ಜೆನೆರಿಕ್ ನಮ್ಮಂಥವರಿಗೆ ಬೇಕೇ ಬೇಕು, ಹಾಗಾಗಿಯೇ ಆ ಪರೀಕ್ಷೆ ಕಟ್ಟುನಿಟ್ಟಾಗಿ ಆಗ್ಬೇಕು ಅಂತ ನಾವು ಕೇಳ್ಬೇಕು. ಯುರೋಪಿನ ಆರೋಗ್ಯವಂತ ದಾನಿಗಳ ಪ್ಲಾಸ್ಮಾದಲ್ಲಿ ನೋಡಿದ ಕೊರೋನಾ ಇಲ್ಲಿನ ಸಕ್ಕರೆ ಕಾಯಿಲೆ ಇರುವ, ತೂಕ ಇಳಿದ ಕ್ಯಾನ್ಸರ್ ರೋಗಿಯ ರಕ್ತಕ್ಕೆ ಹೊಂದುವುದೇ ಅಂತ ಇಲ್ಲಿನ ರಕ್ತದಲ್ಲೇ ನೋಡ್ಬೇಕು. ಹೊಸ ಕೋಟಿನ ಮದ್ದಿನ ಪ್ರಯೋಗಕ್ಕೆ ಯಾರನ್ನಾದ್ರೂ ಕರೆದ್ರೆ ಒಪ್ಪಿಗೆ ಪತ್ರ ಅವರಿಗೆ ಅರ್ಥ ಆಗುವ ಭಾಷೆಯಲ್ಲಿ ಇರಬೇಕು ಅಂತ 2019ರ ಪ್ರಯೋಗ ನಿಯಮಗಳಲ್ಲೇ ಉಂಟು, ಗಡಿಯ ಈಚೆಯ ಆಸ್ಪತ್ರೆಯಲ್ಲಾದ್ರೂ ಆಚೆಯದ್ದರಲ್ಲಾದ್ರೂ ಕನ್ನಡ ಓದುವವರು ಕನ್ನಡದಲ್ಲೇ ಕೇಳಬಹುದು.

ರೋಗಿಗಳಿಗೆ ಈಗಲೇ ಉಪಯೋಗಕ್ಕೆ ಬರುವ ಒಂದು ವಿಷಯ ಉಂಟು. ಕೀಮೋ ಆದ ಮರುದಿವಸ ಬಿಳಿ ರಕ್ತಕಣ ಏರಿಸ್ಲಿಕ್ಕೆ ಕೊಡುವ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ನಿನಲ್ಲೂ ಪೆಗ್ ಉಂಟು, ಅದೂ ಪೆಗ್ ಆಂಟಿಬಾಡಿ ಎಬ್ಬಿಸಬಹುದು ಅಂತ ಇಲಿಗಳ ಪ್ರಯೋಗದಲ್ಲಿ ಕಂಡಿದೆ. ಮನುಷ್ಯರಲ್ಲಿ ಇದರಿಂದ ಲೈಪೋಸೋಮಿಗೆ ತೊಂದರೆ ಆಗಿಯೇ ಆಗ್ತದೆ ಅಂತಲ್ಲ, ಆದ್ರೆ ಡಾಕ್ಟ್ರಿಗೆ ಗೊತ್ತಿರಬೇಕು. ನಮ್ಮಲ್ಲಿ ಡ್ರಿಪ್ ಮಂಗಳೂರಿನಲ್ಲಿ, ಇಂಜೆಕ್ಷನ್ ಊರಿನ ಹತ್ತಿರದ ಆಸ್ಪತ್ರೆಯಲ್ಲಿ, ಸ್ಕ್ಯಾನ್ ಇನ್ನೊಂದು ಕಡೆ ಅಂತ ಫೈಲು ಎರಡು ರಾಜ್ಯಕ್ಕೆ ಹಂಚಿ ಹೋಗಿರ್ತದೆ, ಒಂದು ಕಡೆ ಆದ ಅಲರ್ಜಿ ಇನ್ನೊಂದು ಕಡೆಯವರಿಗೆ ತಿಳಿಯುವುದೇ ಇಲ್ಲ. ಯಾವ ತಾರೀಕಿಗೆ ಯಾವ ಬ್ರ್ಯಾಂಡಿನ ಮದ್ದು, ಡ್ರಿಪ್ ಹಾಕಿದ ಎಷ್ಟು ನಿಮಿಷಕ್ಕೆ ಎಂಥ ಆಯ್ತು, ಆಮೇಲೆ ಯಾವ ಇಂಜೆಕ್ಷನ್, ಮೊದಲು ಯಾವುದಾದ್ರೂ ಲ್ಯಾಕ್ಸೇಟಿವ್ ಪುಡಿಗೋ ಇಂಜೆಕ್ಷನ್ನಿಗೋ ಮೈ ತುರಿಸಿದ್ದುಂಟಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯ ಫೈಲಿನ ಮೇಲೆ ಪಿನ್ ಮಾಡಿ ಇಡಿ, ಮುಂದಿನ ಸೈಕಲಿಗೆ ಹೋದಾಗ ಡ್ರಿಪ್ ಶುರು ಮಾಡುವ ಮೊದಲೇ ಅದನ್ನು ಡಾಕ್ಟ್ರ ಕೈಗೆ ಕೊಡಿ.